ಸುಟ್ಟ ಉಳ್ಳಾಗಡ್ಡಿಯ ಪಟ್ಟಿ

ಉಳ್ಳಾಗಡ್ಡಿ ಸುಡುವ ವಾಸನೆ ಬಂದರೆ ನಾನು ಈಗಲೂ ಅಡುಗೆಮನೆಯ ಕಿಟಕಿ ತೆಗೆಯುತ್ತೇನೆ.

ತೊಂಬತ್ತರ ದಶಕದಲ್ಲಿ, ಪರದೇಶದ ಕ್ವೀನ್ಸ್‌ಬರಿಯ ನಮ್ಮ ಫ್ಲ್ಯಾಟಿನಲ್ಲಿ, ಪ್ರತಿ ಶನಿವಾರ ಗಿನಿಪಿಗ್ ಚಿನ್ನಿಯನ್ನು ತೂಗಿ ಮೈ ತಡವಿ ನೋಡುವುದು ನನ್ನ ಕೆಲಸವಾಗಿತ್ತು. ಒಮ್ಮೆ ಅದರ ಬೆನ್ನಿನ ಕೆಳಭಾಗದಲ್ಲಿ ಬಟಾಣಿಯಷ್ಟು ಗಂಟು ಸಿಕ್ಕಿತು. ಒತ್ತಿದರೆ ಚರ್ಮದಡಿ ಜಾರುತ್ತಿತ್ತು. ಧಾರವಾಡದಿಂದ ಬಂದಿದ್ದ ಅಜ್ಜಿ, "ಕುರು ಅದ. ಹಣ್ಣಾದ್ರ ತಾನ ಒಡೀತದ," ಎಂದು ಸುಟ್ಟ ಉಳ್ಳಾಗಡ್ಡಿಗೆ ಅರಿಸಿನ ಕಲಸಿ ಬಿಸಿಬಿಸಿಯಾಗಿ ಪಟ್ಟಿ ಕಟ್ಟಿದರು. ನಾಲ್ಕನೆಯ ದಿನ ಗಂಟು ಒಡೆದು ಗಟ್ಟಿ ಮೊಸರಿನಂಥದು ಹೊರಬಂತು. ಸುತ್ತಲೂ ಕೆಂಪೇರಿತು. ಚಿನ್ನಿ ಹುಲ್ಲು ಮುಟ್ಟಲಿಲ್ಲ.

ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದರು. ಅಜ್ಜಿಯೂ ನಾನೂ ಅದನ್ನು ಶೂ ಡಬ್ಬಿಯಲ್ಲಿಟ್ಟುಕೊಂಡು ಪಶುವೈದ್ಯೆಯ ಬಳಿಗೆ ಓಡಿದೆವು. ಇದು ಕುರುವಲ್ಲ, ಸಿಸ್ಟ್, ಚರ್ಮದಡಿ ಬೆಳೆದ ಚೀಲದಂಥ ಗಂಟು. ಶಾಖಕ್ಕೆ ಒಡೆದು ಕೀವಾಗಿದೆ. ಒಳಗಿನ ಚೀಲದ ಸಮೇತ ಕೊಯ್ದು ತೆಗೆಯಬೇಕು, ಅರಿವಳಿಕೆಯಿಂದ ಏಳದೆಯೂ ಇರಬಹುದು ಎಂದು ಆಕೆ ಇಂಗ್ಲಿಷಿನಲ್ಲಿ ಹೇಳಿದರು.

"ಏನಂದ್ರವ್ವಾ ಡಾಕ್ಟರಬಾಯಿ?" ಅಜ್ಜಿ ನನ್ನ ತೋಳು ಹಿಡಿದು ಕೇಳಿದರು.

ನಾನು ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳಿದೆ. ಕೊನೆಗೆ, "ಇದು ಸತ್ರ ನಿನ್ನಿಂದನ," ಎಂದು ಅದೇ ಉಸಿರಿನಲ್ಲಿ ನನ್ನದೊಂದು ಮಾತು ಸೇರಿಸಿದೆ.

ಸಂಜೆ ಚಿನ್ನಿ ಮೂರು ಹೊಲಿಗೆಯೊಂದಿಗೆ ಜೀವಂತ ಮರಳಿತು. ಅಜ್ಜಿಯ ಮಡಿಲಲ್ಲಿಡಲು ಹೋದೆ.

"ಬ್ಯಾಡವ್ವಾ, ನನ್ನ ಕೈಗುಣ ಚಲೋ ಇಲ್ಲ. ಡಾಕ್ಟರಬಾಯಿನ ಹೇಳ್ಯಾರಲ್ಲ," ಎಂದು ಅವರು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು.