ತಜ್ಞರ ಅಭಿಪ್ರಾಯ

ಹದಿನಾಲ್ಕು ವರ್ಷ ಮಾರ್ಕೆಟ್ ಚೌಕದ ಕಟ್ಟೆಯ ಮೇಲೆ ಮಲಗಿದವನನ್ನು ಯಾರಾದರೂ ‘ಸರ್’ ಎಂದು ಕರೆದರೆ ಏನಾಗುತ್ತದೆ? ನಾಲಿಗೆ ನಿಲ್ಲುವುದಿಲ್ಲ.

“ಚೌಕವನ್ನ ಹೊಸದಾಗಿ ಕಟ್ತಿದೀವಿ ಸರ್. ಊರಲ್ಲಿ ಎಲ್ಲೆಲ್ಲಿ ಮಲಗೋಕೆ ಆಗಲ್ಲ, ಯಾಕೆ ಅಂತ ಸ್ವಲ್ಪ ಹೇಳ್ತೀರಾ?” ಎಂದರು ಸರ್ವೆಗೆ ಬಂದ ಮೇಡಂ. ಟೀ ಕೂಡ ಕೊಡಿಸಿದರು.

ಗಂಟಲು ಸರಿಮಾಡಿಕೊಂಡೆ. “ಬ್ಯಾಂಕ್ ಮುಂದಿನ ಕಟ್ಟೆ ಇಳಿಜಾರು ಮೇಡಂ, ಕಣ್ಣು ಮುಚ್ಚಿದ್ರೆ ಜಾರಿ ಬೀಳ್ತೀವಿ. ಬಸ್ ಸ್ಟ್ಯಾಂಡ್ ಬೆಂಚಿಗೆ ನಡುನಡುವೆ ಕಬ್ಬಿಣದ ಕೈ ಇಟ್ಟವ್ರೆ, ಕಾಲು ಚಾಚೋ ಹಂಗಿಲ್ಲ. ಪಾರ್ಕಲ್ಲಿ ಹುಲ್ಲಿಗೆ ನೀರು ಚಿಮ್ಮುಸ್ತಾರೆ.”

“ಇಷ್ಟು ಚೆನ್ನಾಗಿ ಯಾರೂ ಹೇಳಿರ್ಲಿಲ್ಲ ಸರ್,” ಎನ್ನುತ್ತ ಎಲ್ಲವನ್ನೂ ಬರೆದುಕೊಂಡರು.

ಉಬ್ಬಿಹೋದೆ. ಕೇಳದಿದ್ದರೂ ಪುರಭವನದ ಕಣ್ಣು ಕುಕ್ಕುವ ದೀಪದ ವಿಷಯವನ್ನೂ ಸೇರಿಸಿದೆ. ಪಕ್ಕದಲ್ಲಿ ಮಲಗುವ ಚೌಡಮ್ಮನ ಮುಂದೆ ಮಾತ್ರ ಬಾಯಿ ಬಿಡಲಿಲ್ಲ. ಕೆಲಸ ಮುಗಿದ ಮೇಲೆ ‘ಇದೆಲ್ಲ ನನ್ನ ತಲೆಯಿಂದ ಬಂದದ್ದು’ ಎಂದು ಕೊಚ್ಚಿಕೊಳ್ಳುವ ಆಸೆ.

ಆರು ತಿಂಗಳು ಇಬ್ಬರೂ ಫ್ಲೈಓವರ್ ಕೆಳಗೆ ಕಾದೆವು. ಉದ್ಘಾಟನೆಯ ಜನ ಚದುರಿದ ಕೂಡಲೇ ಗಂಟುಮೂಟೆ ಹೊತ್ತು ಬಂದೆವು.

ಕಟ್ಟೆ ಇಳಿಜಾರಾಗಿತ್ತು. ಪ್ರತಿ ಬೆಂಚಿಗೂ ಮೂರು ಕಬ್ಬಿಣದ ಕೈ. ತಲೆಯ ಮೇಲೆ ಹಾಡಹಗಲೇ ಉರಿಯುವ ದೀಪಗಳ ಸಾಲು. ಹುಲ್ಲಿನ ಮೇಲೆ ಚಾಪೆ ಹಾಸಿದೆವು, ನೀರು ಚಿಮ್ಮಿತು.

ಚೌಡಮ್ಮ ಒದ್ದೆ ಚಾಪೆ ಕೊಡವುತ್ತ ಕೂಗಿದಳು: “ಯಾವನ್ ಕಣಯ್ಯಾ ಇವರಿಗೆ ಇದನ್ನೆಲ್ಲ ಹೇಳ್ಕೊಟ್ಟೋನು? ಅವನ ಮನೆ ಹಾಳಾಗ!”

“ಹಾಳಾಗ್ಲಿ!” ಎಂದು ನಾನು ಅವಳಿಗಿಂತ ಜೋರಾಗಿ ಕೂಗಿದೆ.