ನೀರಿಗಿಳಿಯುವ ವಾಚು

"ಇದು ಬೇಡ, ಅದನ್ನ ತೋರಿಸಿ," ಎಂದು ಗಂಡ ಬೆರಳು ಮಾಡಿದ್ದನ್ನು ಕಂಡು ಅವಳಿಗೆ ತಲೆಬುಡ ಅರ್ಥವಾಗಲಿಲ್ಲ.

ಅವಳು ಆರಿಸಿದ ವಾಚು ಮಖಮಲ್ಲಿನ ಮೇಲೆ ಮಲಗಿತ್ತು. ಹಳೆಯ ಕಾಲದ ಮಾದರಿ. ಕೆನೆಬಣ್ಣದ ಮುಖ, ಕಡ್ಡಿಯಂಥ ಮುಳ್ಳು, ಚರ್ಮದ ಪಟ್ಟಿ, ದಿನಾ ಕೀಲಿ ಕೊಡಬೇಕು. ಮೊನ್ನೆ ತಾನೇ ನಿವೃತ್ತನಾದ ಗಂಡನಿಗೆ, ರೇಡಿಯೋದಲ್ಲಿ ಸಂಜೆಯ ವಾರ್ತೆ ಓದುವ ಅವಳು ತನ್ನ ಸಂಬಳದಲ್ಲಿ ಕೊಡಿಸುತ್ತಿದ್ದ ಉಡುಗೊರೆ ಅದು. ಜೀವನವಿಡೀ ನಕ್ಷೆ ಬರೆದರೂ ಅಂಗಿಗೆ ಒಂದು ಮಸಿಚುಕ್ಕೆ ತಾಗಿಸಿಕೊಳ್ಳದ ಮನುಷ್ಯನಿಗೆ ಅದಕ್ಕಿಂತ ಒಪ್ಪುವುದು ಇನ್ನಾವುದು? ಅವನು ಬೆರಳು ಮಾಡಿದ್ದೋ, ಸಮುದ್ರದಲ್ಲಿ ಮುಳುಗು ಹಾಕುವವರು ಕಟ್ಟುವ ವಾಚಿಗೆ. ಅಗ್ಗದ್ದು, ದಪ್ಪದ್ದು, ಸುತ್ತಲೂ ಕಟಕಟ ತಿರುಗುವ ಉಕ್ಕಿನ ಬಳೆ ಬೇರೆ.

"ನಿಮಗೆ ಈಜೋಕೇ ಬರಲ್ಲ ಕಣ್ರೀ."

"ಗೊತ್ತು," ಎಂದ ಅವನು.

ಅವಳ ಮನಸ್ಸು ಮೊದಲೇ ಮುದುಡಿತ್ತು. ಬೆಳಗಿನ ವಾರ್ತೆಗೆ ಬನ್ನಿ ಎಂದು ನಿಲಯದ ನಿರ್ದೇಶಕರು ಮತ್ತೆ ಕರೆದಿದ್ದರು. ಇಂದೇ ಉತ್ತರ ಹೇಳಬೇಕು. ಊರೆಲ್ಲ ಕೇಳುವ ಆ ವಾರ್ತೆ ಓದಬೇಕೆಂಬುದು ಅವಳ ಬಹುದಿನದ ಆಸೆ. ಆದರೆ ಕೋಳಿ ಕೂಗುವ ಮೊದಲೇ ಮನೆ ಬಿಡಬೇಕು. ಇಲ್ಲಿನ ಕಡ್ಡಿ ಎತ್ತಿ ಅಲ್ಲಿಡದ ಈ ಗಂಡನನ್ನು ಯಾರಿಗೆ ಒಪ್ಪಿಸಿ ಹೋಗುವುದು? "ಆಗಲ್ಲ ಅಂತ ಹೇಳ್ಬಿಡ್ತೀನಿ" ಎಂದು ನಿನ್ನೆ ಅವನೆದುರು ಅಂದಾಗ, ಪುಣ್ಯಾತ್ಮ ಪೇಪರಿನಿಂದ ತಲೆ ಕೂಡ ಎತ್ತಿರಲಿಲ್ಲ. ಅದರಿಂದ ಅವಳಿಗೆ ಬಹಳ ನೋವಾಗಿತ್ತು.

"ಮೇಡಂ ಆರಿಸಿದ್ದೇ ಚೆನ್ನಾಗಿದೆ ಸರ್," ಎಂದ ಅಂಗಡಿಯವನು. ಹೆಚ್ಚಿನ ಬೆಲೆಯದು ಕೈತಪ್ಪುವ ಸೂಚನೆ ಅವನಿಗೂ ಸಿಕ್ಕಿತ್ತು. "ತೆಳ್ಳಗಿದೆ, ತೋಳಿನ ಒಳಗೆ ಸೇರ್ಕೊಳ್ಳುತ್ತೆ."

"ನೀರು ಬಿದ್ರೆ?"

"ನೀರು ಸೋಕಿಸಬಾರದು ಸರ್. ನೀವು ತೋರಿಸಿದ್ದಾದ್ರೆ ಸಮುದ್ರದೊಳಗೂ ಜಗ್ಗಲ್ಲ. ಈ ಬಳೆ ತಿರುಗಿಸಿಟ್ರೆ, ಮುಳುಗಿ ಎಷ್ಟು ನಿಮಿಷ ಆಯ್ತು ಅಂತ ತಿಳಿಯುತ್ತೆ."

"ಮೊಟ್ಟೆ ಬೇಯೋಕಿಟ್ಟು ಎಷ್ಟು ನಿಮಿಷ ಆಯ್ತು ಅಂತ?"

ಅಂಗಡಿಯವನು ಪಿಳಿಪಿಳಿ ಕಣ್ಣು ಬಿಟ್ಟ. "ಅದೂ ತಿಳಿಯುತ್ತೆ... ಸರ್, ನೀವು ಎಷ್ಟು ಆಳಕ್ಕೆ ಇಳಿಯೋರು?"

"ಮೊಣಕೈವರೆಗೆ," ಎಂದ ಗಂಡ, ಮುಖದ ಒಂದು ಗೆರೆಯೂ ಅಲುಗದಂತೆ. "ನಮ್ಮನೆ ಸಿಂಕು ಅದಕ್ಕಿಂತ ಆಳ ಇಲ್ಲ." ಆಮೇಲೆ ಹೆಂಡತಿಯತ್ತ ತಿರುಗಿದ. "ಇನ್ಮೇಲೆ ಬೆಳಗಿನ ಅಡಿಗೆಮನೆ ನಂದು. ನಿನ್ನೆಯೇ ಹೇಳೋಣ ಅಂತಿದ್ದೆ. ನೀನು ನಗ್ತೀಯ ಅಂತ ಸುಮ್ಮನಾದೆ."

ಅವಳು ನಕ್ಕೇಬಿಟ್ಟಳು. ನಗುನಗುತ್ತಲೇ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ಸಂಸಾರದಲ್ಲಿ ಇಷ್ಟು ಸಂತೋಷ ಅವಳಿಗೆ ಯಾವತ್ತೂ ಆಗಿರಲಿಲ್ಲ. ಅಂಗಡಿಯವನು ಕೆನೆಬಣ್ಣದ ವಾಚನ್ನು ನಿಟ್ಟುಸಿರಿಟ್ಟು ಪೆಟ್ಟಿಗೆಗೆ ಸೇರಿಸುತ್ತಿದ್ದಂತೆ ಅವಳು ಫೋನು ತೆಗೆದಳು.

"ಸರ್, ಬೆಳಗಿನ ವಾರ್ತೆ ನಾನು ಓದ್ತೀನಿ."

"ಮನೇಲಿ ಒಪ್ಪಿದ್ರಾ?" ಎಂದರು ನಿರ್ದೇಶಕರು.

ಅಂಗಡಿಯ ಕನ್ನಡಿಯ ಮುಂದೆ ಗಂಡ, ಹೊಸ ವಾಚು ಕಾಣಲೆಂದು ಇಸ್ತ್ರಿ ಮುರಿಯದ ಅಂಗಿಯ ತೋಳನ್ನು ಮೊಣಕೈವರೆಗೂ ಏರಿಸುತ್ತಿದ್ದ.

"ಒಪ್ಪೋದೇನು ಬಂತು ಸರ್, ಆಗಲೇ ತೋಳು ಮಡಚಿ ನಿಂತಿದ್ದಾರೆ."