ಡ್ರೈವರನ ಪಕ್ಕದ ಸೀಟು

"ಸೋತ್ರೆ ಸೋಮವಾರದಿಂದ ಮತ್ತೆ ಬಂದು ಈ ಸೀಟಲ್ಲಿ ಕೂತ್ಕೋಬೇಕು, ಒಪ್ಪಿದ್ಯಾ?" ಎಂದ ಎವಾರಿಸ್ತೊ, ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ.

"ಒಪ್ಪಿದೆ. ನೀವು ಸೋತ್ರೆ ಭಾನುವಾರ ಈ ಸೈಕಲ್ ತುಳೀಬೇಕು. ಅದೂ ದೊಡ್ಡ ರಸ್ತೇಲಿ, ಎಲ್ಲರ ಮುಂದೆ," ಎಂದು ಅವನ ಹೆಂಡತಿ ಒತೀಲಿಯಾ ನೇರಳೆ ಬಣ್ಣದ ಸೈಕಲ್ ಏರಿ ಹೆಲ್ಮೆಟ್ ಬಿಗಿದುಕೊಂಡಳು.

"ನೀನಿಲ್ಲದೆ ಬಸ್ಸು ಒಂದು ಕಡೆಗೆ ವಾಲ್ತಿದೆ ಕಣೇ."

"ವಾಲ್ತಿರೋದು ನಿಮ್ಮ ಹೊಟ್ಟೆ ಕಡೆಗೆ."

ಬೊಗೊತಾದ ಬೋಸ ಬಡಾವಣೆಯ ಬೇಕರಿಯಿಂದ ಒತೀಲಿಯಾ ಬೂಟು ಹೊಲಿಯುವ, ರೆಸ್ಟ್ರೆಪೊ ಬಡಾವಣೆಯ ಕಾರ್ಖಾನೆ ಬಾಗಿಲವರೆಗೆ ಪಂದ್ಯ. ಇಪ್ಪತ್ತೇಳು ವರ್ಷ ಅವಳು ಆ ದಾರಿಯಲ್ಲಿ ಗಂಡನ ಬಸ್ಸಿನಲ್ಲೇ, ಗಂಡನ ಪಕ್ಕದಲ್ಲೇ, ತಾನೇ ಹೆಣೆದ ಕೆಂಪು ಕವರಿನ ಸೀಟಿನಲ್ಲೇ ಕೂತು ಹೋಗಿದ್ದಳು. ಕೊರೊನಾ ಬಂತು, ಡ್ರೈವರನ ಪಕ್ಕ ಯಾರೂ ಕೂರಬಾರದೆಂದು ಆ ಸೀಟಿಗೆ ಹಳದಿ ಪಟ್ಟಿ ಸುತ್ತಿದರು. ರಸ್ತೆಯ ಒಂದು ಪಕ್ಕ ಕಿತ್ತಳೆ ಬಣ್ಣದ ಕೋನುಗಳನ್ನಿಟ್ಟು ಸೈಕಲ್ಲಿನವರಿಗೆ ದಾರಿ ಬಿಟ್ಟರು. ಒತೀಲಿಯಾ ತಂಗಿಯ ಸೈಕಲ್ ತಂದಳು. ಮೊದಲ ವಾರ ಹದಿನಾಲ್ಕು ದೀಪದ ಕಂಬಗಳಿಗೆ ಗುದ್ದಿದಳು. ಎರಡನೇ ವಾರ ಕಂಬಗಳೇ ಪಕ್ಕಕ್ಕೆ ಸರಿದು ದಾರಿ ಕೊಟ್ಟವು. ಮೂರನೇ ವಾರ ಅವಳ ಮೊಣಕಾಲು ನೋವು ಊರು ಬಿಟ್ಟು ಓಡಿಹೋಯಿತು. ಈಗ ಹಳದಿ ಪಟ್ಟಿ ಬಿಚ್ಚಿ ನಾಲ್ಕು ತಿಂಗಳಾದರೂ ಅವಳು ಮಾತ್ರ ಬಸ್ಸು ಹತ್ತಿರಲಿಲ್ಲ.

ಎವಾರಿಸ್ತೊ ಹಾರ್ನ್ ಹೊಡೆದ. ಆ ಹಾರ್ನಿಗೆ ಮೂರು ಬೀದಿ ಆಚೆಯ ಕೋಳಿಗಳು ನಾಳೆಯ ಮೊಟ್ಟೆಯನ್ನು ಇವತ್ತೇ ಇಟ್ಟುಬಿಡುತ್ತಿದ್ದವು. ಅವನಂಥ ಡ್ರೈವರ್ ಆ ಖಂಡದಲ್ಲೇ ಇನ್ನೊಬ್ಬನಿರಲಿಲ್ಲ. ಮೂವತ್ತು ಸೀಟಿಗೆ ಮುನ್ನೂರು ಜನರನ್ನು ತುಂಬುತ್ತಿದ್ದ. ಅದಕ್ಕೆ ಅವನ ಬಳಿ ಒಂದೇ ಮಂತ್ರ: "ಹತ್ತಿ, ಹತ್ತಿ, ಹಿಂದೆ ಜಾಗ ಇದೆ." ಹಿಂದೆ ಜಾಗ ಎಂದೂ ಇರುತ್ತಿರಲಿಲ್ಲ. ರಸ್ತೆ ಬದಿಯಲ್ಲಿ ಯಾರು ಕೈ ಎತ್ತಿದರೂ ಅವನ ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತಿತ್ತು. ಔಷಧಿ ಅಂಗಡಿಯ ಮೂಲೆಯಲ್ಲಿ ಒಂದು ದಿನ ಕೈ ಎತ್ತಿ ನಿಂತಿದ್ದ ಒತೀಲಿಯಾ ಅವನಿಗೆ ದಕ್ಕಿದ್ದೂ ಹಾಗೆಯೇ.

ಎರಡನೇ ಸಾಲಿನಲ್ಲಿ ಕೂತಿದ್ದ ಕ್ಷೌರಿಕ ಲಿಯೊನಿದಾಸ್ ಬಾಚಣಿಗೆಯನ್ನೇ ಮೈಕು ಮಾಡಿಕೊಂಡು, ಸೈಕಲ್ ರೇಸಿನ ರೇಡಿಯೊದವರ ಧಾಟಿಯಲ್ಲಿ ಶುರುಮಾಡಿದ. "ಕೇಳುಗ ಮಿತ್ರರೇ, ಶ್ರೀಮತಿ ಒತೀಲಿಯಾ ಮಾಂಸದಂಗಡಿ ದಾಟಿದ್ದಾರೆ. ನಮ್ಮ ಬಸ್ಸು ಒಂದು ಲಾರಿಯ ಹಿಂದೆ ನಿಂತು ಜಪ ಮಾಡ್ತಾ ಇದೆ."

"ಏಯ್, ನೀನು ಕೂತಿರೋದು ಯಾರ ಬಸ್ಸಲ್ಲಿ?"

"ಬಸ್ಸು ನಿಂದೇ ಮಾರಾಯ. ಮನಸ್ಸು ಸೈಕಲ್ ಮೇಲಿದೆ."

ಸೇತುವೆ ಇಳಿಯುವಾಗ ರಸ್ತೆ ಖಾಲಿಯಾಗಿ ಬಸ್ಸು ಮುಂದೆ ಹೋಯಿತು. ಕನ್ನಡಿಯಲ್ಲಿ ನೇರಳೆ ಸೈಕಲ್ ಸಾಸಿವೆ ಕಾಳಿನಷ್ಟಾಯಿತು. ಎವಾರಿಸ್ತೊ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಪಕ್ಕದ ಸೀಟಿನ ಧೂಳು ಒರೆಸಿದ. ಅಷ್ಟರಲ್ಲಿ ಮುಂದೆ, ಆಲೂಗೆಡ್ಡೆ ಮೂಟೆಯೊಂದಿಗೆ ನಿಂತಿದ್ದ ದಪ್ಪ ಹೆಂಗಸೊಬ್ಬಳು ಕೈ ಎತ್ತಿದಳು.

"ನಿಲ್ಲಿಸ್ಬೇಡ," ಎಂದ ಲಿಯೊನಿದಾಸ್. "ಕಣ್ಣು ಮುಚ್ಕೊಂಡು ಹೊಡಿ."

ಎವಾರಿಸ್ತೊ ಕಣ್ಣು ಮುಚ್ಚಿದ. ಕಾಲು ಬ್ರೇಕ್ ಒತ್ತಿತು.

ಮೂಟೆ ಹತ್ತಿತು, ಹೆಂಗಸು ಹತ್ತಿದಳು. "ಮುಂದಿನ ಸೀಟು ಖಾಲಿ ಇದ್ಯಲ್ಲಪ್ಪ, ಇಲ್ಲೇ ಕೂರ್ಲಾ?"

"ಅದು ಖಾಲಿ ಇಲ್ಲಮ್ಮ," ಎಂದ ಎವಾರಿಸ್ತೊ. "ಹಿಂದೆ ಜಾಗ ಇದೆ."

ಟ್ರಿಣ್ ಟ್ರಿಣ್ ಎಂದು ನೇರಳೆ ಸೈಕಲ್ ಕಿಟಕಿಯ ಪಕ್ಕದಲ್ಲೇ ಹಾದುಹೋಯಿತು. ಆಮೇಲೆ ಇಬ್ಬರು ಸನ್ಯಾಸಿನಿಯರು ಕೈ ಎತ್ತಿದರು, ಗಾಜಿನ ಹಾಳೆ ಹೊತ್ತವನೊಬ್ಬ ಎತ್ತಿದ, ಕೊನೆಗೆ ಆಕಳಿಸಿ, ಕೈ ಮೇಲೆತ್ತಿ ಮೈಮುರಿದ ಒಬ್ಬನನ್ನೂ ಬಸ್ಸು ಹತ್ತಿಸಿಕೊಂಡಿತು. ಬಸ್ಸು ಕಾರ್ಖಾನೆ ತಲುಪುವಷ್ಟರಲ್ಲಿ ಒತೀಲಿಯಾ ಎರಡು ಲೋಟ ಕರಿ ಕಾಫಿ ಕುಡಿದು ಒಂದು ಜೊತೆ ಬೂಟು ಹೊಲಿದು ಮುಗಿಸಿದ್ದಳು.

ಭಾನುವಾರ ವಾಡಿಕೆಯಂತೆ ದೊಡ್ಡ ರಸ್ತೆಗೆ ಮೋಟಾರು ವಾಹನಗಳನ್ನು ಬಿಡಲಿಲ್ಲ. ಇಷ್ಟು ವರ್ಷ ಆ ಸೈಕಲ್ ಜಾತ್ರೆಗೆ ಶಾಪ ಹಾಕುತ್ತಾ ಬಸ್ಸನ್ನು ಗಲ್ಲಿಗಳಲ್ಲಿ ಸುತ್ತಿಸುತ್ತಿದ್ದ ಎವಾರಿಸ್ತೊ ಇಂದು ಅದರ ನಟ್ಟನಡುವೆ ಸೈಕಲ್ ಮೇಲೆ ನಡುಗುತ್ತಾ ಕೂತಿದ್ದ. ನೋಡಲು ಇಡೀ ಬೋಸ ಸೇರಿತ್ತು. ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಬೇಕಿದ್ದ ಮಕ್ಕಳೂ ಒಂದು ದಿನ ಬೇಗ ಹುಟ್ಟಿ ಬಂದಿದ್ದವಂತೆ. ಒತೀಲಿಯಾ ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡಿದಳು.

"ಬಿಟ್ಟೆಯೇನೇ?"

"ಇಲ್ರೀ, ಹಿಡ್ಕೊಂಡೇ ಇದೀನಿ," ಎಂದು ಅವಳು ನೂರು ಮಾರು ದೂರದಿಂದ, ಕಿತ್ತಳೆ ರಸ ಕುಡಿಯುತ್ತಾ ಕೂಗಿದಳು.

ಸೈಕಲ್ ಓಡಿತು. ಬಸ್ಸಿನ ಹಾರ್ನನ್ನು ಬಾಯಲ್ಲೇ ಊದುತ್ತಾ ಎವಾರಿಸ್ತೊ ವೃತ್ತ ಸುತ್ತಿ ಮರಳಿ ಬಂದ. ಔಷಧಿ ಅಂಗಡಿಯ ಮೂಲೆಯಲ್ಲಿ ಹೆಂಗಸೊಬ್ಬಳು ಕೈ ಎತ್ತಿ ನಿಂತಿದ್ದಳು. ಬ್ರೇಕ್ ತಾನಾಗಿಯೇ ಬಿತ್ತು.

"ಎಲ್ಲಿಗೆ?" ಎಂದ, ಏದುಸಿರು ಬಿಡುತ್ತಾ.

"ರೆಸ್ಟ್ರೆಪೊಗೆ. ಜಾಗ ಇದ್ಯಾ?" ಎಂದಳು ಒತೀಲಿಯಾ.

ಎವಾರಿಸ್ತೊ ಜೇಬಿಗೆ ಕೈ ಹಾಕಿದ. ಬೆಳಿಗ್ಗೆಯೇ ಬಸ್ಸಿನ ಸೀಟಿನಿಂದ ಬಿಚ್ಚಿ ತಂದಿದ್ದ ಕೆಂಪು ಕವರನ್ನು ತೆಗೆದು ಕ್ಯಾರಿಯರಿಗೆ ಬಿಗಿಯಾಗಿ ಕಟ್ಟಿದ.

"ಹತ್ತಿ ಸೆನ್ಯೋರಾ," ಎಂದ. "ಹಿಂದೆ ಜಾಗ ಇದೆ."

ಜೀವಮಾನದಲ್ಲಿ ಅವನ ಆ ಮಾತು ನಿಜವಾದದ್ದು ಅದೇ ಮೊದಲು.